ಎದ್ದುಬಂದಪ್ಪ

ಹೀರೋ ಇನ್ನೂ ನಡೆಯುತ್ತಲೇ ಇದ್ದ. ಕಾರಿನಿಂದ ಗೋದಾಮಿನ ಬಾಗಿಲಿಗೆ ಇಪ್ಪತ್ತು ಹೆಜ್ಜೆ ಇದ್ದೀತು, ಅಷ್ಟಕ್ಕೆ ಎರಡು ನಿಮಿಷ. ಒಂದು ಕಾಲು ನೆಲಕ್ಕೆ ತಾಗಬೇಕಾದರೆ ಧೂಳು ಏಳಬೇಕು, ಕೂದಲು ಹಾರಬೇಕು, ಹಿಂದೆಲ್ಲೋ ನೂರು ಜನ ಗಂಟಲು ಹರಿದುಕೊಳ್ಳಬೇಕು, ಆಮೇಲೆ ಇನ್ನೊಂದು ಕಾಲು. ಮಂಡಿನೋವಿರುವ ನಾನೇ ಇವನಿಗಿಂತ ಬೇಗ ಬಚ್ಚಲಿಗೆ ಹೋಗಿ ಬರುತ್ತೇನೆ ಎಂದುಕೊಂಡ ಆಪರೇಟರ್. "ಇವನು ಬಾಗಿಲು ಮುಟ್ಟೋ ಹೊತ್ತಿಗೆ ಒಳಗಿರೋ ರೌಡಿಗಳು ವಯಸ್ಸಾಗಿ ತಾವೇ ಸತ್ತಿರ್ತಾರೆ" ಎಂದು ಹೆಂಡತಿಗೆ ಕೇಳುವ ಹಾಗೆ ಹೇಳಿದ. ಹೆಂಡತಿ ಕಿಟಕಿಯ ಕೆಳಗೆ ಹೊಲಿಗೆ ಮೆಷಿನ್ನಿನ ಮುಂದೆ ಕೂತು ಯಾವುದೋ ಶಾಲೆಯ ಲಂಗಗಳಿಗೆ ಅಂಚು ಮಡಿಸುತ್ತಿದ್ದಳು. ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿದ್ದರಿಂದ ಉತ್ತರ ಬರಲಿಲ್ಲ. ಸೂಜಿ ಇಲ್ಲದಿದ್ದರೂ ಬರುತ್ತಿರಲಿಲ್ಲ. ಅವನು ರಿಮೋಟು ಒತ್ತಿ ಹೀರೋನನ್ನು ಹನ್ನೊಂದನೇ ಹೆಜ್ಜೆಯಲ್ಲೇ ನಿಲ್ಲಿಸಿದ.

ಟಾಕೀಸಿನಲ್ಲಿ ಮೂವತ್ತೆಂಟು ವರ್ಷ ಮೆಷಿನ್ ಓಡಿಸಿದವನು ಅವನು. ಟಾಕೀಸು ಮುಚ್ಚಿ ಅಲ್ಲೀಗ ಮಂಚ, ಸೋಫಾ ಮಾರುತ್ತಾರೆ, ಆದರೂ ಬೀದಿಯವರಿಗೆ ಅವನು ಇಂದಿಗೂ ಆಪರೇಟರ್. ಅಷ್ಟು ವರ್ಷದಲ್ಲಿ ಒಂದು ಸಿನಿಮಾವನ್ನೂ ಕೂತು ನೋಡಿದವನಲ್ಲ. ನೋಡುವುದು ಟಿಕೆಟ್ ತಗೊಂಡವರ ಕೆಲಸ, ಓಡಿಸುವುದು ತನ್ನದು ಎಂಬ ಗತ್ತು. ಗೋಡೆಯ ಕಿಂಡಿಯಿಂದ ಅವನು ನೋಡುತ್ತಿದ್ದುದು ಪರದೆಯ ಬಲಗಡೆಯ ಮೇಲಿನ ಮೂಲೆಯನ್ನು ಮಾತ್ರ. ರೀಲು ಮುಗಿಯುವ ಮುಂಚೆ ಅಲ್ಲಿ ಕಣ್ಣು ಮಿಟುಕಿಸುವಷ್ಟು ಹೊತ್ತು ಒಂದು ಕರಿಚುಕ್ಕೆ ಬರುತ್ತದೆ. ಬಂತೋ, ಪಕ್ಕದ ಮೆಷಿನ್ನಿನಲ್ಲಿ ಕಾದಿರುವ ಮುಂದಿನ ರೀಲನ್ನು ಬಿಡಬೇಕು. ಕೆಳಗೆ ಕೂತ ಎಂಟುನೂರು ಜನಕ್ಕೆ ರೀಲು ಬದಲಾದದ್ದು ಗೊತ್ತಾಗಬಾರದು, ಅದೇ ಕೆಲಸ. ಗೊತ್ತಾಗದ ಹಾಗೆ ಮಾಡಿದ ಕೆಲಸಕ್ಕೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ, ಆ ಚಪ್ಪಾಳೆಯೆಲ್ಲ ಹೀಗೆ ಧೂಳೆಬ್ಬಿಸಿ ನಡೆಯುವವನಿಗೆ. ಈಗ ಮಗಳು ತನ್ನ ಮನೆಗೆ ದೊಡ್ಡ ಟೀವಿ ತಂದು ಹಳೆಯದನ್ನು ಇಲ್ಲಿಗೆ ದಾಟಿಸಿದ ಮೇಲೆ, ಬೆಳಿಗ್ಗೆ ಹನ್ನೊಂದಕ್ಕೆ ಡ್ಯೂಟಿಗೆ ಕೂತ ಹಾಗೆ ಕೂರುತ್ತಾನೆ. ಊಟವೇ ಇಂಟರ್‌ವಲ್ಲು. ಸಂಜೆ ಐದರ ತನಕ, ತಾನು ಒಂದು ಆಯಸ್ಸಿಡೀ ಓಡಿಸಿದ್ದು ಎಂಥ ಕಸವನ್ನು ಎಂದು ಲೆಕ್ಕ ಹಾಕುವವನಂತೆ ಒಂದಾದ ಮೇಲೊಂದು ಹಾಕುತ್ತಾನೆ.

ಈ ವಾರವೇ ಒಂಬತ್ತು ಸಿನಿಮಾ ಆಗಿತ್ತು. ಕಪ್ಪುಬಿಳುಪಿನದೊಂದರಲ್ಲಿ ನಾಯಕಿಗೆ ಮೊದಲನೇ ದೃಶ್ಯದಿಂದ ಕೆಮ್ಮು. ಎಂಟು ಹಾಡು ಹಾಡುವವರೆಗೆ ಕೆಮ್ಮು ತಡೆದುಕೊಂಡು, ಹಾಡು ಮುಗಿದ ಕೂಡಲೆ ಮತ್ತೆ ಕೆಮ್ಮಿ, ಕೊನೆಗೆ ಎಲ್ಲರೂ ಮಂಚದ ಸುತ್ತ ಸೇರಿ ಬೆಳಕು ಸರಿಯಾಗಿ ಬಿದ್ದ ಮೇಲೆ ಸತ್ತಳು. ಸಾಯುವಾಗಲೂ ತುರುಬು ಕೆಡಲಿಲ್ಲ. ಪ್ರಶಸ್ತಿ ಬಂದದ್ದಂತೆ ಇನ್ನೊಂದು, ಅದರಲ್ಲಿ ಒಬ್ಬ ಕಿಟಕಿಯಿಂದಾಚೆ ಏಳು ನಿಮಿಷ ನೋಡುತ್ತಾನೆ. ಆಚೆ ಏನಿದೆ ಎಂದು ತೋರಿಸುವುದಿಲ್ಲ. ನಮ್ಮ ಟಾಕೀಸಲ್ಲಾಗಿದ್ದರೆ ಮೆಷಿನ್ ಕೆಟ್ಟಿದೆ ಎಂದು ಜನ ನನ್ನ ತಾಯಿತಂದೆಯರನ್ನು ನೆನೆಸಿಕೊಳ್ಳುತ್ತಿದ್ದರು ಎಂದು ಅವನಿಗೆ ಸಿಟ್ಟೇ ಬಂತು. ದೆವ್ವದ ಸಿನಿಮಾದಲ್ಲಿ ಕರೆಂಟು ಹೋದರೂ ಒಬ್ಬಳೇ ಒಬ್ಬಳು ಮೆಟ್ಟಿಲಿಳಿದು ನೆಲಮಾಳಿಗೆಗೆ ಹೋದಳು, ಯಾಕಮ್ಮಾ, ಅಲ್ಲೇನು ನಿಮ್ಮಪ್ಪ ಗಂಟು ಹೂತಿದ್ದಾನಾ? ಪ್ರೇಮದ ಸಿನಿಮಾದಲ್ಲಿ ಇಬ್ಬರೂ ಒಬ್ಬರಿಗೊಬ್ಬರು ಹೇಳಬೇಕಾದ ಒಂದು ಮಾತನ್ನು ಎರಡೂವರೆ ಗಂಟೆ ಬಾಯಲ್ಲಿಟ್ಟುಕೊಂಡು ಓಡಾಡಿದರು. ಆ ಒಂದು ಮಾತು ಮೊದಲೇ ಆಡಿದ್ದರೆ ಎಲ್ಲರೂ ಮನೆಗೆ ಹೋಗಬಹುದಿತ್ತು. ಹೀಗೆ ಬೈಯುತ್ತ ನೋಡುವುದರಲ್ಲಿ ಒಂದು ಸುಖವಿದೆ, ಅದು ಅವನಿಗೆ ಗೊತ್ತು, ನಾಚಿಕೆಯೇನೂ ಇಲ್ಲ.

"ನನ್ನ ತಮ್ಮಂದು ಹಾಕ್ತೀರೋ ಇಲ್ವೋ?" ಹೆಂಡತಿ ಸೂಜಿಯನ್ನು ಬಾಯಿಂದ ತೆಗೆದಿದ್ದಳು. "ಮೂರು ದಿನದಿಂದ ಹೇಳ್ತಿದೀನಿ. ಐದು ಗಂಟೆಗೆ ಅವನೇ ಬರ್ತಾನೆ, ನಿಮ್ಮ ಕನ್ನಡಕ ಸರಿಮಾಡೋಕೆ. ಅಷ್ಟರಲ್ಲಿ ನೋಡಿ ಒಂದು ಒಳ್ಳೇ ಮಾತು ಹೇಳಿ. ಒಂದೇ ಒಂದು."

"ಎದ್ದುಬಂದಪ್ಪಂದಾ?"

"ಹಾಗನ್ನಬೇಡಿ."

ಭಾವಮೈದನಿಗೆ ಊರಲ್ಲಿ ಕನ್ನಡಕದ ಅಂಗಡಿ. ಅದಕ್ಕೂ ಮುಂಚೆ, ಮೂವತ್ತಾರು ವರ್ಷದ ಹಿಂದೆ, ಅವನು ಒಂದು ಸಿನಿಮಾ ಮಾಡಿದ್ದ. ಒಂದೇ ಒಂದು. ಅದು ಈ ಟಾಕೀಸಿನಲ್ಲೇ, ಈ ಆಪರೇಟರ್ ಭಾವನ ಕೈಯಲ್ಲೇ ಒಂದು ವಾರ ಓಡಿ ಇಳಿದಿತ್ತು. ಈಗ ಹಳೆ ಸಿನಿಮಾ ಹುಡುಕುವ ಯಾರೋ ಒಂದಿಷ್ಟು ಜನ ಎಲ್ಲೋ ಗೋದಾಮಿನಲ್ಲಿ ಉಳಿದಿದ್ದ ಒಂದು ಪ್ರಿಂಟನ್ನು ತೊಳೆದು ಒರೆಸಿ ಎಲ್ಲರೂ ನೋಡುವ ಹಾಗೆ ಹಾಕಿದ್ದಾರೆ. ಭಾನುವಾರ ಒಂದು ಹಾಲ್‌ನಲ್ಲಿ ತೋರಿಸುತ್ತಾರಂತೆ, ಇವನು ಬಂದು ನಾಲ್ಕು ಮಾತಾಡಬೇಕಂತೆ. ನೆಂಟರಿಗೆಲ್ಲ ಸುದ್ದಿ ಹೋಗಿದೆ. ಇವನು ಒಲ್ಲೆ ಎಂದು ಕೂತಿದ್ದಾನೆ.

"ಯಾಕೆ ಒಲ್ಲೆ ಅಂತಾನೆ ಗೊತ್ತಾ? ನಿಮ್ಮಿಂದ. ನೀವಿಟ್ಟ ಆ ಹೆಸರಿಂದ. ವೇದಿಕೆ ಹತ್ತಿದ ತಕ್ಷಣ ಹಿಂದಿನಿಂದ ಯಾರಾದ್ರೂ ಹಾಗೆ ಕೂಗ್ತಾರೆ ಅಂತ ಅವನಿಗೆ ಭಯ. ನೀವು ಚೆನ್ನಾಗಿದೆ ಅಂದ್ರೆ ಹೋಗ್ತಾನೆ. ನನಗೆ ಗೊತ್ತು ನನ್ನ ತಮ್ಮ."

ಆಪರೇಟರ್ ಹಾಕಿದ. ಒಳ್ಳೆಯ ಮಾತು ಹುಡುಕುವುದಕ್ಕಲ್ಲ, ಒಳ್ಳೆಯ ಮಾತಿಗೆ ಅಲ್ಲಿ ಜಾಗವಿಲ್ಲ ಎಂದು ಹೆಂಡತಿಗೆ ತೋರಿಸುವುದಕ್ಕೆ. ಹೊಸ ಕನ್ನಡಕ ಕಿವಿಯ ಹಿಂದೆ ಚುಚ್ಚುತ್ತಿತ್ತು, ಆದರೆ ಗೆರೆ ಗೆರೆ ಕಾಣುತ್ತಿತ್ತು, ಅದನ್ನು ಮಾತ್ರ ಒಪ್ಪಬೇಕು. ಮೊದಲ ಒಂದೂವರೆ ಗಂಟೆ ಅವನ ನಾಲಿಗೆಗೆ ಹಬ್ಬ. ಗಡಿಯಾರ ರಿಪೇರಿ ಮಾಡುವ ಮುದುಕ, ಮನೆ ಬಿಟ್ಟು ಹೋದ ಮಗ. ಮಗ ಎನ್ನುವವನು ಮರದ ತುಂಡು, ಸಿಟ್ಟಿಗೂ ಸಂತೋಷಕ್ಕೂ ಒಂದೇ ಹುಬ್ಬು. ಹಾಡಿನಲ್ಲಿ ಬಿಸಿಲು ಹೊಡೆಯುತ್ತಿರುವಾಗ ಹನ್ನೆರಡು ಹೆಂಗಸರು ಕೊಡೆ ಬಿಚ್ಚಿಕೊಂಡು ಕುಣಿದರು. "ಕೊಡೆ ಅಂಗಡಿಯೋನು ದುಡ್ಡು ಹಾಕಿದ್ನೇನೋ" ಎಂದ. ಹೆಂಡತಿಯ ಹೊಲಿಗೆ ಮೆಷಿನ್ನಿನ ಸದ್ದು ಜೋರಾಯಿತು. ಅವನಿಗೆ ಆ ಮೊದಲ ಶೋ ನೆನಪಾಗಿ ನಗು ಬಂತು. ಎಷ್ಟು ಸಲ ಹೇಳಿದ್ದಾನೋ ಆ ಕಥೆಯನ್ನು. ಅಪ್ಪ ಸತ್ತಿದ್ದಾನೆ, ಮಗ ಬಂದು ಅಂಗಡಿಯಲ್ಲಿ ಕೂತು ಅಳುತ್ತಾನೆ, ಹತ್ತು ನಿಮಿಷ ಅಳುತ್ತಾನೆ, ಆಮೇಲೆ ನೋಡಿದರೆ ಅದೇ ಅಪ್ಪ ಅದೇ ಕುರ್ಚಿಯಲ್ಲಿ ಕೂತು ಸಿಳ್ಳೆ ಹಾಕುತ್ತ ಗಡಿಯಾರ ಬಿಚ್ಚುತ್ತಿದ್ದಾನೆ! ಮುಂದಿನ ಬೆಂಚಿನಿಂದ ಒಬ್ಬ ಕೂಗಿದ್ದ: "ಎದ್ದು ಬಂದ್ನಪ್ಪೋ!" ಇಡೀ ಟಾಕೀಸು ಬಿದ್ದು ಬಿದ್ದು ನಕ್ಕಿತ್ತು. ಆಮೇಲೆ ಅಪ್ಪ ಮತ್ತೆ ಸತ್ತಾಗ, "ಎಷ್ಟು ಸಲ ಸಾಯ್ತೀಯೋ ಮುದುಕಾ!" ಮುಂದಿನ ವಾರ ಮಾವನ ಮನೆಯ ಊಟದ ಸಾಲಿನಲ್ಲಿ, ಇಪ್ಪತ್ತು ಎಲೆಯೆದುರು, ಆಪರೇಟರ್ ಅದನ್ನು ಅಭಿನಯಿಸಿ ತೋರಿಸಿದ್ದ. ಸತ್ತವನಂತೆ ತಲೆ ವಾಲಿಸಿ, ತಟಕ್ಕನೆ ಎದ್ದು, ಸಿಳ್ಳೆ ಹಾಕಿ. "ನಮ್ಮ ಎದ್ದುಬಂದಪ್ಪಂಗೆ ಇನ್ನೊಂದು ಸ್ವಲ್ಪ ಬಡಿಸಿ, ಅವನ ಸಿನಿಮಾದಲ್ಲಿ ಸತ್ತೋರೂ ಊಟಕ್ಕೆ ಬರ್ತಾರೆ." ಮಾವ ನಕ್ಕರು, ಅತ್ತೆ ನಕ್ಕರು, ಬಸುರಿ ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಭಾವಮೈದನೂ ಸ್ವಲ್ಪ ನಕ್ಕ. ಹೆಸರು ಅಂಟಿಕೊಂಡಿತು. ಸಿನಿಮಾದ ಸಹವಾಸ ಬಿಟ್ಟು ಅವನು ಕನ್ನಡಕದ ಕೆಲಸ ಕಲಿತಾಗ ಎಲ್ಲರೂ ಸದ್ಯ ಬುದ್ಧಿ ಬಂತು ಎಂದರು.

ಪರದೆಯ ಮೇಲೆ ಮುದುಕ ಸಿಳ್ಳೆ ಹಾಕುತ್ತ ಗಡಿಯಾರ ಬಿಚ್ಚುತ್ತಿದ್ದ. ಆಪರೇಟರ್ ಕಾಲು ನೀಡಿ ಕೂತವನು ಕಾಲೆಳೆದುಕೊಂಡ. ಸಿಳ್ಳೆ ಈಗಲೇ ಬಂತಲ್ಲ. ಅಳು ಎಲ್ಲಿ ಹೋಯಿತು? ಅಳು ಮೊದಲು ಬರಬೇಕು. ಮುದುಕ ಒಂದು ಸಣ್ಣ ಹಲ್ಲುಚಕ್ರವನ್ನು ಚಿಮಟದಲ್ಲಿ ಹಿಡಿದು ಬೆಳಕಿಗೆ ತೋರಿಸಿದ, ಕೂರಿಸಿದ, ಕಿವಿಗೆ ಹಚ್ಚಿ ಕೇಳಿದ, ಚೀಟಿ ಬರೆದು ದಾರದಲ್ಲಿ ಕಟ್ಟಿದ, ಮೇಜಿನ ಮೇಲೆ ತಲೆಯಿಟ್ಟ. ಅಷ್ಟೆ. ಗಿರಾಕಿ ಒಬ್ಬ ಬಂದ. ಮುದುಕ ಮಲಗಿದ್ದಾನೆ ಎಂದುಕೊಂಡು, ಎಬ್ಬಿಸಲು ಸಂಕೋಚಪಟ್ಟು, ಬಾಗಿಲಲ್ಲೇ ನಿಂತ. ಚಪ್ಪಲಿ ಸದ್ದಾಗದ ಹಾಗೆ ಕಾಲು ಬದಲಿಸಿದ. ಗೋಡೆಯ ತುಂಬ ಗಡಿಯಾರಗಳು ಹೊಡೆದುಕೊಳ್ಳುತ್ತಿದ್ದವು. ಒಮ್ಮೆ ಕೆಮ್ಮಲು ಹೋಗಿ ಬಾಯಿಗೆ ಕೈ ಅಡ್ಡ ಹಿಡಿದ. ಸತ್ತವನ ನಿದ್ದೆ ಕೆಡಿಸಬಾರದೆಂದು ಅಷ್ಟು ಮರ್ಯಾದೆಯಿಂದ ನಿಂತ ಆ ಮನುಷ್ಯನನ್ನು ನೋಡುತ್ತ ಆಪರೇಟರನ ಬಾಯಿಗೆ ಯಾವ ಮಾತೂ ಬರಲಿಲ್ಲ. ಆಗ, ಇಷ್ಟು ಹೊತ್ತು ಬೈಯುವ ಗದ್ದಲದಲ್ಲಿ ಮರೆತಿದ್ದ ಹಳೆಯ ಅಭ್ಯಾಸದಿಂದ ಕಣ್ಣು ತಾನಾಗಿ ಬಲಮೂಲೆಗೆ ಹೋಯಿತು. ಚುಕ್ಕೆ ಬಂತು. ಚುಕ್ಕೆಯ ಪಕ್ಕದಲ್ಲಿ ಒಂದನ್ನೊಂದು ಕತ್ತರಿಸುವ ಎರಡು ಗೀರು, ಕೆಳಗೊಂದು ಸಣ್ಣ ಅಡ್ಡಗೆರೆ.

ಅವನು ರಿಮೋಟು ಒತ್ತಿ ನಿಲ್ಲಿಸಿ, ಹಿಂದಕ್ಕೆ ಓಡಿಸಿ, ಮತ್ತೆ ಬಿಟ್ಟ. ಅದೇ. ಪ್ರತಿ ಆಪರೇಟರನಿಗೂ ತನ್ನದೊಂದು ಗುರುತಿರುತ್ತದೆ. ಚುಕ್ಕೆ ಕಣ್ತಪ್ಪಿಹೋಗಬಾರದೆಂದು ರೀಲಿನ ಕೊನೆಯಲ್ಲಿ ಸೂಜಿಯಿಂದ ಗೀರಿಕೊಳ್ಳುತ್ತಾನೆ. ಎರಡು ಗೀರು, ಕೆಳಗೊಂದು ಅಡ್ಡಗೆರೆ, ಇದು ತನ್ನದು, ಈ ಕೈಯದು. ಹಾಗಾದರೆ ಇದು ತಾನು ಓಡಿಸಿದ ಅದೇ ಪ್ರಿಂಟು. ಮೊದಲು ಅವನ ಮನಸ್ಸು ತಪ್ಪಿಸಿಕೊಳ್ಳುವ ದಾರಿ ಹುಡುಕಿತು. ಈ ತೊಳೆದು ಒರೆಸಿದವರು ಜಾಣರು, ಅದಲುಬದಲು ಮಾಡಿ ಸರಿಮಾಡಿರಬೇಕು. ಅಥವಾ ಪ್ರಿಂಟು ತೆಗೆದ ಲ್ಯಾಬಿನವರೇ ಆಗ ತಪ್ಪು ನಂಬರು ಹಾಕಿರಬೇಕು. ಸಿನಿಮಾ ಮಾಡಿದವನಿಗೇ ನೆಟ್ಟಗೆ ಗೊತ್ತಿರಲಿಕ್ಕಿಲ್ಲ. ಹೀಗೆ ಒಂದೊಂದೇ ನೆಪ ಹುಟ್ಟುತ್ತಿದ್ದಾಗಲೇ ಇನ್ನೊಂದು ಕಡೆಯಿಂದ ಆ ಮಧ್ಯಾಹ್ನ ಬಂದು ಎದುರು ನಿಂತಿತ್ತು, ಮೆಷಿನ್ನಿನ ದೀಪದಲ್ಲಿ ಉರಿಯುವ ಕಾರ್ಬನ್ ಕಡ್ಡಿಯ ಸುಟ್ಟ ವಾಸನೆಯ ಸಮೇತ.

ಬಿಡುಗಡೆಯ ಹಿಂದಿನ ದಿನ. ಹನ್ನೆರಡು ಡಬ್ಬಿ, ಹನ್ನೆರಡು ರೀಲು. ಒಂದೊಂದನ್ನೇ ಮೇಜಿಗೆ ತಂದು, ಬೆರಳ ಸಂದಿಯಲ್ಲಿ ಓಡಿಸಿ ಹರಿದದ್ದು ನೋಡಿ, ಗುರುತು ಗೀರಿ, ಅದರದರ ಡಬ್ಬಿಗೆ ಹಾಕಬೇಕು. ಮೇಜಿನ ಮೇಲೆ ಎರಡು ರೀಲು ಇರಕೂಡದು, ಇದು ಅವನೇ ಮಾಡಿಕೊಂಡ ನಿಯಮ. ಭಾವಮೈದ ಮೆಟ್ಟಿಲು ಹತ್ತಿ ಬಂದಿದ್ದ, ಇಸ್ತ್ರಿಯ ಅಂಗಿ, ಕೈಯಲ್ಲೊಂದು ಬಿಸ್ಕತ್ತಿನ ಪೊಟ್ಟಣ. "ಭಾವ, ಹತ್ತು, ಹನ್ನೊಂದು ಸ್ವಲ್ಪ ಜೋಪಾನ. ಅಲ್ಲೇ ಇರೋದು ಎಲ್ಲಾ. ಹನ್ನೊಂದರಲ್ಲಿ ಸೌಂಡು ಕಮ್ಮಿ ಇದೆ, ನೀವು ಸ್ವಲ್ಪ ಏರಿಸ್ಕೊಬೇಕು." ಹನ್ನೊಂದು ವರ್ಷದಿಂದ ಮೆಷಿನ್ ಓಡಿಸುತ್ತಿರುವವನಿಗೆ, ಮೊನ್ನೆ ಮೊನ್ನೆ ಚಡ್ಡಿಯಲ್ಲಿದ್ದ ಹೆಂಡತಿಯ ತಮ್ಮ ಬಂದು ಕೆಲಸ ಹೇಳಿಕೊಡುವುದು. ಮೈಯೆಲ್ಲ ಉರಿದುಹೋಯಿತು. ಆಯ್ತಪ್ಪಾ ಸಾಹೇಬ್ರೇ ಎಂದು ಸಾಗಹಾಕಿ, ಇವನ ಹತ್ತು ಹನ್ನೊಂದಕ್ಕೆ ಅದೇನು ಕೋಡು ಎಂದು ಎರಡನ್ನೂ ಒಟ್ಟಿಗೆ ಹೊರಗೆಳೆದು ಮೇಜಿನ ಮೇಲೆ ಹಾಕಿದ್ದ. ಒಟ್ಟಿಗೆ ಗೀರಿದ್ದ. ಆಮೇಲೆ ಬಿಸ್ಕತ್ತು ತಿಂದ ಕೈ ಒರೆಸಿಕೊಂಡು ಎರಡು ಡಬ್ಬಿಗೆ ತುರುಕಿದ್ದ. ಯಾವುದು ಯಾವುದಕ್ಕೆ? ಏಳು ದಿನ, ದಿನಕ್ಕೆ ಮೂರು ಆಟ, ಡಬ್ಬಿಯ ಮೇಲಿನ ನಂಬರು ನೋಡಿ ಎತ್ತಿಕೊಂಡ, ಅದೇ ಡಬ್ಬಿಗೆ ಹಾಕಿದ. ರೀಲಿನ ಬಾಲದಲ್ಲೂ ನಂಬರು ಇರುತ್ತದೆ, ಅದನ್ನು ಓದಲಿಲ್ಲ. ಬೇಕೆಂದೇ ಮಾಡಿದ್ದಲ್ಲ. ಇದನ್ನು ಯಾರ ಮುಂದೆ ಬೇಕಾದರೂ ಎದೆ ಮುಟ್ಟಿ ಹೇಳಬಲ್ಲ. ಆದರೆ ಆ ನಗು ಕಿಂಡಿಯಿಂದ ಮೇಲೆ ಬಂದಾಗ ತನಗೆ ಎಷ್ಟು ಹಿತವಾಗಿತ್ತು ಎಂಬುದೂ ನೆನಪಿತ್ತು. ಇಪ್ಪತ್ತೊಂದು ಸಲ ಆ ನಗು ಬಂತು, ಇಪ್ಪತ್ತೊಂದು ಸಲವೂ ಹಿತವಾಗಿತ್ತು. ಒಮ್ಮೆಯೂ ಇದೇನು ಹೀಗೆ ಎಂದು ಡಬ್ಬಿ ತಿರುಗಿಸಿ ನೋಡಲಿಲ್ಲ.

ರೀಲು ಹನ್ನೊಂದು ಓಡುತ್ತಿತ್ತು. ಮಗ ಅಂಗಡಿಯ ಬೀಗ ತೆಗೆದ. ಕುರ್ಚಿಯಲ್ಲಿ ಕೂತ. ಅದೇ ಗಿರಾಕಿ ಬಂದು ಬಾಗಿಲಲ್ಲಿ ನಿಂತ. ಈಗ ಎಬ್ಬಿಸಬೇಕಾದವರಿಲ್ಲ, ಆದರೂ ಚಪ್ಪಲಿ ಸದ್ದು ಮಾಡಲಿಲ್ಲ. ಮಗ ಹುಡುಕಿದ. ಚೀಟಿ ಕಟ್ಟಿದ ಗಡಿಯಾರ ಸಿಕ್ಕಿತು, ಓಡುತ್ತಿತ್ತು. ಮರದ ತುಂಡಿನ ಹುಬ್ಬು ಆಗಲೂ ಅಲುಗಲಿಲ್ಲ, ಅಳು ಮಾತ್ರ ಬಂತು. ಹೆಂಡತಿಯ ಮೆಷಿನ್ ಯಾವಾಗಲೋ ನಿಂತಿತ್ತು. ಸೌಂಡು ನಿಜವಾಗಿಯೂ ಕಮ್ಮಿಯಿತ್ತು. ಆಪರೇಟರ್ ರಿಮೋಟಿನಲ್ಲಿ ಎರಡು ಮನೆ ಏರಿಸಿದ.

"ಚೆನ್ನಾಗಿದೆ ಅಲ್ವೇನ್ರೀ?" ಮುಗಿದ ಮೇಲೆ ಹೆಂಡತಿ ಕಣ್ಣೊರೆಸಿಕೊಂಡು ಕೇಳಿದಳು. "ಆಗ ಯಾಕೆ ಅಷ್ಟು ನಕ್ವಿ ನಾವು? ನಗೋ ಥರದ್ದು ಏನೂ ಇಲ್ವಲ್ಲ ಇದರಲ್ಲಿ."

ಅವನು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದ. ಅವಳಿಗೆ ಗೊತ್ತಾಗಿಲ್ಲ. ಗೊತ್ತಾಗುವುದೂ ಇಲ್ಲ, ಮೂವತ್ತಾರು ವರ್ಷದ ಹಿಂದಿನ ಸಿನಿಮಾ ಯಾರಿಗೆ ಸಾಲುಸಾಲಾಗಿ ನೆನಪಿರುತ್ತದೆ. ಒಂದು ಒಳ್ಳೆಯ ಮಾತು, ಒಂದೇ ಒಂದು, ಅವಳೇ ಕೇಳಿದ್ದಾಳೆ. ಚೆನ್ನಾಗಿದೆಯಪ್ಪಾ, ಆಗ ನಮಗೆ ತಿಳಿಯಲಿಲ್ಲ ಎಂದುಬಿಟ್ಟರೆ ಭಾವಮೈದ ಭಾನುವಾರ ಹೋಗುತ್ತಾನೆ, ಇವಳು ಸಂತೋಷಪಡುತ್ತಾಳೆ, ದೊಡ್ಡ ಮನಸ್ಸಿನ ಭಾವ ಎನಿಸಿಕೊಳ್ಳಬಹುದು. ತನ್ನ ಹತ್ತಿರ ಉಳಿದಿರುವುದು ಒಂದೇ ಆಸ್ತಿ, ಮೂವತ್ತೆಂಟು ವರ್ಷ ಒಂದು ರೀಲೂ ತಪ್ಪಿಸಲಿಲ್ಲ ಎಂಬ ಹೆಸರು. ಅದನ್ನು ಅವನು ಯಾರಿಗೂ ಬಿಟ್ಟುಕೊಡಬೇಕಾಗಿಲ್ಲ. ಈ ಯೋಚನೆ ಎಷ್ಟು ಸಲೀಸಾಗಿ ಬಂತೆಂದರೆ, ಇದನ್ನೇ ಸಿನಿಮಾದಲ್ಲಿ ಯಾರಾದರೂ ಮಾಡಿದ್ದರೆ ಥೂ ನಿನ್ನ ಎಂದು ಟೀವಿ ಆರಿಸುತ್ತಿದ್ದೆ ಎನ್ನಿಸಿ ಅವನಿಗೆ ಅಸಹ್ಯವಾಯಿತು.

ಐದಕ್ಕೆ ಭಾವಮೈದ ಬಂದ. ಬಾಗಿಲಲ್ಲಿ ಚಪ್ಪಲಿ ಜೋಡಿಸಿಟ್ಟು, ಕೈಯಲ್ಲಿ ಸಣ್ಣ ಸ್ಕ್ರೂಡ್ರೈವರ್ ಪೆಟ್ಟಿಗೆ ಹಿಡಿದು, ಅಕ್ಕ ಕೊಟ್ಟ ಟೀ ಕುಡಿದ. ಟೀವಿಯಲ್ಲಿ ಕೊನೆಯ ದೃಶ್ಯಕ್ಕೆ ನಿಂತಿದ್ದ ಗಡಿಯಾರದ ಅಂಗಡಿಯನ್ನು ನೋಡಿದ, ನೋಡದವನ ಹಾಗೆ ಕಣ್ಣು ತಿರುಗಿಸಿದ.

"ಕೊಡಿ ಭಾವ. ಎಲ್ಲಿ ಚುಚ್ಚುತ್ತೆ?"

"ಹತ್ತು, ಹನ್ನೊಂದು ಅದಲುಬದಲಾಗಿತ್ತು ಕಣಯ್ಯಾ" ಎಂದ ಆಪರೇಟರ್. ಹೀಗೆ ಹೇಳಬೇಕೆಂದು ಅಂದುಕೊಂಡಿರಲಿಲ್ಲ, ಬಾಯಿಂದ ಬಿದ್ದುಹೋಯಿತು. "ನಾನೇ ಮಾಡಿದ್ದು. ಇವತ್ತು ಗೊತ್ತಾಯ್ತು."

ಭಾವಮೈದ ಕನ್ನಡಕದ ಕಡ್ಡಿಯನ್ನು ಬೆಳಕಿಗೆ ಹಿಡಿದು ಸ್ಕ್ರೂ ತಿರುಗಿಸುತ್ತಿದ್ದವನು ತಿರುಗಿಸುತ್ತಲೇ ಹೇಳಿದ: "ನನಗೆ ಮೊದಲನೇ ಆಟದಲ್ಲೇ ಗೊತ್ತಾಯ್ತು ಭಾವ."

"ಏನದು?" ಎಂದಳು ಹೆಂಡತಿ. "ಏನು ಅದಲುಬದಲು?"

"ಗೊತ್ತಿದ್ದರೆ ಮೇಲೆ ಬಂದು ಹೇಳೋಕೇನಾಗಿತ್ತು ನಿನಗೆ?" ಆಪರೇಟರನ ದನಿ ಏರಿತು. ತಪ್ಪು ತನ್ನದಾದಾಗಲೂ ಬೈಗುಳ ತನ್ನದೇ ಆಗಬೇಕು, ಇದು ಎಂಥ ಜನ್ಮ ಎಂದು ಒಳಗೊಳಗೇ ಅನ್ನಿಸಿತು, ಆದರೂ ಏರಿತು.

"ಬಂದಿದ್ದೆ. ಬಾಗಿಲ ತನಕ ಬಂದಿದ್ದೆ. ಒಳಗೆ ಮಾಲೀಕರು ನಿಮ್ಮನ್ನ ಬೈತಿದ್ರು. ಅದರ ಹಿಂದಿನ ತಿಂಗಳು ತುಂಬಿದ ಆಟದಲ್ಲಿ ಫಿಲಂ ಸುಟ್ಟಿತ್ತಲ್ಲ, ಅದಕ್ಕೆ. ಇನ್ನೊಂದು ದೂರು ಬಂದ್ರೆ ಬೀಗದ ಕೈ ಇಟ್ಟು ನಡಿ ಅಂತಿದ್ರು." ಅವನು ಒಂದು ಕಡ್ಡಿ ಮುಗಿಸಿ ಇನ್ನೊಂದಕ್ಕೆ ಕೈ ಹಾಕಿದ. "ಅಕ್ಕ ಏಳು ತಿಂಗಳು. ವಾಪಸ್ ಇಳಿದುಬಿಟ್ಟೆ."

"ಏಳು ದಿನ ಓಡ್ತಲ್ಲೋ. ಒಂದಿನಾನೂ..."

"ಮನೆಗೆ ಬಂದು ಹೇಳೋಣ ಅಂತಿದ್ದೆ, ಮೆತ್ತಗೆ. ಅಷ್ಟರಲ್ಲಿ ನೀವು ಊಟದ ಸಾಲಲ್ಲಿ ಎಲ್ಲರನ್ನೂ ನಗಿಸಿದ್ರಿ. ಆಮೇಲೆ ಹೇಳಿದ್ರೆ ನೀವು ಒಪ್ತಿರಲಿಲ್ಲ, ಹೇಳೋ ನನಗೂ ಸೇಡು ತೀರಿಸ್ಕೊಂಡ ಹಾಗೆ ಆಗ್ತಿತ್ತು. ಬೇರೆ ಊರುಗಳಲ್ಲಿ ಸರಿಯಾಗೇ ಓಡಿತ್ತು ಬಿಡಿ. ಅಲ್ಲೂ ಜನ ಬರಲಿಲ್ಲ. ಆದರೆ ನಮ್ಮೋರು ಅನ್ನೋರೆಲ್ಲ ನೋಡಿದ್ದು ಇಲ್ಲಿ."

ಹೆಂಡತಿಗೆ ನಿಧಾನವಾಗಿ ಅರ್ಥವಾಗುತ್ತಿತ್ತು. ಅವಳು ಗಂಡನನ್ನು ನೋಡಲಿಲ್ಲ, ತಮ್ಮನನ್ನೂ ನೋಡಲಿಲ್ಲ, ಮಡಿಲಲ್ಲಿದ್ದ ಲಂಗದ ಅಂಚನ್ನು ನೋಡುತ್ತಿದ್ದಳು. "ನಾನೂ ನಕ್ಕಿದ್ದೆ" ಎಂದಳು. "ಹೊಟ್ಟೆ ನೋಯೋ ಹಾಗೆ ನಕ್ಕಿದ್ದೆ ಕಣೋ."

ಭಾವಮೈದ ಎದ್ದು ಬಂದು ಕನ್ನಡಕವನ್ನು ಭಾವನ ಮೂಗಿನ ಮೇಲಿಟ್ಟು, ಎರಡೂ ಕಿವಿಯ ಹಿಂದೆ ಬೆರಳಾಡಿಸಿ ನೋಡಿದ. ಅಷ್ಟು ಹತ್ತಿರದಲ್ಲಿ ಅವನ ಮುಖ ಗೆರೆ ಗೆರೆಯಾಗಿ ಕಾಣುತ್ತಿತ್ತು. ಮುದುಕನಾಗಿದ್ದ. ಇಸ್ತ್ರಿಯ ಅಂಗಿಯಲ್ಲಿ ಬಿಸ್ಕತ್ತಿನ ಪೊಟ್ಟಣ ಹಿಡಿದು ಮೆಟ್ಟಿಲು ಹತ್ತಿ ಬಂದವನು ಇವನೇ.

"ಈಗ ಹೇಳಿ ಭಾವ. ಸಿನಿಮಾ ಹೇಗಿದೆ?"

ಮೂವತ್ತಾರು ವರ್ಷದಲ್ಲಿ ಅವನು ಇದನ್ನು ಕೇಳಿರಲಿಲ್ಲ. ಆಪರೇಟರನಿಗೆ ಹೊಗಳಿಬಿಡಬೇಕೆನ್ನಿಸಿತು, ಆದರೆ ಸುಳ್ಳು ಹೇಳಿದರೆ ಇವತ್ತಿನ ದಿನ ಇನ್ನೂ ಕೊಳಕಾಗುತ್ತದೆ. "ಹಾಡು ದಂಡ. ಆ ಕೊಡೆಗಳು ದಂಡ. ಮಗನ ಪಾತ್ರಕ್ಕೆ ನಿನಗೆ ಮನುಷ್ಯರು ಸಿಗಲಿಲ್ವಾ?" ಎಂದ. ಆಮೇಲೆ ಕಿವಿಯ ಹಿಂದಿನ ಕಡ್ಡಿ ಮುಟ್ಟಿ ನೋಡಿಕೊಂಡು, "ಆ ಗಿರಾಕಿ ನಿಂತ್ಕೊಳ್ತಾನಲ್ಲ. ಅಲ್ಲಿ ನಾನು ಮಾತಾಡಲಿಲ್ಲ."

"ಮಾತಾಡಲಿಲ್ಲ ಕಣೋ" ಎಂದಳು ಹೆಂಡತಿ, ಸಾಕ್ಷಿ ಹೇಳುವವಳ ಹಾಗೆ.

ಭಾವಮೈದ ತಲೆಯಾಡಿಸಿದ. ಸ್ಕ್ರೂಡ್ರೈವರನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಳ ಹಾಕಿದ. "ಭಾನುವಾರ ನಾನು ಹೋಗ್ತೀನಿ. ಆದರೆ ನಾನು ಮಾತಾಡಲ್ಲ. ನೀವು ಮಾತಾಡಿ. ಈಗ ಹೇಳಿದ್ರಲ್ಲ, ಹತ್ತು ಹನ್ನೊಂದು, ಅದನ್ನ ಹೇಳಿ. ನಮ್ಮೋರೆಲ್ಲ ಬರ್ತಾರೆ."

ಆಪರೇಟರ್ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಚಿಕ್ಕಮಾವ ಬರುತ್ತಾರೆ, ಷಡ್ಡಕ ಬರುತ್ತಾನೆ, ಬೀದಿಯವರು ಬರುತ್ತಾರೆ, ಆ ಊಟದ ಸಾಲಿನಲ್ಲಿ ಬದುಕಿ ಉಳಿದವರೆಲ್ಲ ಬರುತ್ತಾರೆ. ಅವರ ಮುಂದೆ ವೇದಿಕೆ ಹತ್ತಿ, ಮೈಕಿನಲ್ಲಿ. "ನಗ್ತಾರೆ ಕಣಯ್ಯಾ" ಎಂದ. ಅವನ ದನಿ ಅವನಿಗೇ ಸಣ್ಣದಾಗಿ ಕೇಳಿಸಿತು.

"ನಗ್ತಾರೆ" ಎಂದ ಭಾವಮೈದ. ಅದರಲ್ಲಿ ಕೋಪವಿರಲಿಲ್ಲ, ಕನಿಕರವೂ ಇರಲಿಲ್ಲ. "ನಾನು ಮೂವತ್ತಾರು ವರ್ಷ ಕೂತ್ಕೊಂಡು ಕೇಳಿದೀನಿ. ನೀವು ಐದು ನಿಮಿಷ ನಿಂತ್ಕೊಂಡು ಕೇಳಿ ಭಾವ."

ಆಪರೇಟರ್ ಹೆಂಡತಿಯ ಕಡೆ ನೋಡಿದ. ಮಂಡಿ ನೋವು ಅವರಿಗೆ, ಮೆಟ್ಟಿಲು ಹತ್ತೋಕಾಗಲ್ಲ ಅಂತಾದರೂ ಅವಳು ಅನ್ನಬೇಕಿತ್ತು. ಯಾವಾಗಲೂ ಅನ್ನುತ್ತಿದ್ದಳು. ಅವಳು ಲಂಗವನ್ನು ಸೂಜಿಯ ಕೆಳಗೆ ಸರಿಸಿ, ಅಂಚು ನೇರ ಮಾಡಿಕೊಂಡಳು.

"ಎಷ್ಟು ಗಂಟೆಗೋ ಭಾನುವಾರ?"

"ನಾಲ್ಕಕ್ಕೆ, ಅಕ್ಕ."

"ಮೂರೂವರೆಗೆ ಕರ್ಕೊಂಡ್ ಬರ್ತೀನಿ" ಎಂದು ಅವಳು ಮೆಷಿನ್ ತುಳಿಯತೊಡಗಿದಳು.